ಹಾರ್ವುಡ್ ಸಾಹೇಬರ ಹೆಸರಿನ ಪೂಜೆ

ಅಬುಧಾಬಿ
೧೬ ನವೆಂಬರ್ ೨೦೧೪

ಪ್ರೀತಿಯ ತಂಗಿ ಕ್ರಿಸ್ಟಿನಾ,

ದೇವಮಾತೆಯ ನೆರಳಿನಲ್ಲಿ ನೀವೆಲ್ಲ ಸೌಖ್ಯವೆಂದು ನಂಬಿದ್ದೇನೆ. ಆಶ್ಲೆಯ ಮದುವೆಗೆ ಬರುತ್ತೀಯಾ ಇಲ್ಲವಾ ಎಂದು ನೀನು ಮೂರು ಸಲ ಕೇಳಿದೆ. ಉತ್ತರ ತಡವಾಯಿತು, ಸಿಟ್ಟು ಮಾಡಬೇಡ. ಮಗಳ ಮದುವೆಗೆ ನನಗೆ ಬರಲಾಗುವುದಿಲ್ಲ. ರಜೆ ಸಿಕ್ಕಲಿಲ್ಲ.

ನಾನು ನೋಡಿಕೊಳ್ಳುವ ಅಮೆರಿಕದ ಮೇಡಂಗೆ ಈಗ ಎಂಬತ್ತಮೂರು. ಅವರ ಮಗ ಆಫೀಸಿಗೆ ಹೋದ ಮೇಲೆ ಹದಿನೆಂಟನೇ ಮಾಳಿಗೆಯಲ್ಲಿ ನಾವಿಬ್ಬರೇ. ಅವರು ತಮ್ಮ ಮುತ್ತಜ್ಜನ ಚರಿತ್ರೆ ಬರೆಯುತ್ತಿದ್ದಾರೆ. ಬರೆದದ್ದನ್ನು ನಿಧಾನ ಇಂಗ್ಲಿಷಿನಲ್ಲಿ ನನಗೆ ಓದುತ್ತಾರೆ, ಕೇಳಲಿಕ್ಕೆ ಬೇರೆ ಯಾರಿದ್ದಾರೆ?

ಮುತ್ತಜ್ಜನ ಹೆಸರು ಹಾರ್ವುಡ್. ನೂರೈವತ್ತು ವರ್ಷದ ಹಿಂದೆ ಅಮೆರಿಕದ ಪಾರ್ಲಿಮೆಂಟಿನಲ್ಲಿದ್ದವರು. ಕಮ್ಮಾರನ ಮಗ, ವಕೀಲರಾಗಿ, ಓಟಿಗೆ ನಿಂತು ಆರು ಸಲ ಗೆದ್ದರಂತೆ. ಯುದ್ಧದಲ್ಲಿ ಗಂಡ ಸತ್ತ ಹೆಂಗಸರಿಗೆ ಪಿಂಚಣಿ ಬೇಕೆಂದು ಒಂದು ಇಡೀ ದಿನ ನಿಂತು ಮಾತಾಡಿದರಂತೆ. ಹನ್ನೆರಡು ವರ್ಷ ರಾಜಧಾನಿಯಲ್ಲಿ ಬಾಡಿಗೆ ಕೋಣೆ, ಮನೆಗೆ ವಾರಕ್ಕೊಂದು ಕಾಗದ. ಏಳನೇ ಸಲ ಸೋತು ಊರಿಗೆ ಬಂದರೆ ಊಟದ ಮೇಜಿನಲ್ಲಿ ಯಜಮಾನನ ಕುರ್ಚಿಯಲ್ಲಿ ಅವರ ತಮ್ಮ ಕುಳಿತಿದ್ದ. ಮಕ್ಕಳು ಏನು ಬೇಕಾದರೂ ಅವನನ್ನೇ ಕೇಳುತ್ತಿದ್ದರು. ಇವರು ಬದಿಯಲ್ಲಿ ಕುಳಿತರು, ಸಾಯುವವರೆಗೂ ಅಲ್ಲಿಯೇ.

"ಯಾರೂ ಎದ್ದು ಜಾಗ ಕೊಡಲಿಲ್ಲವಾ ಮೇಡಂ?" ಎಂದೆ.

"ಅವರು ಕೇಳಲೇ ಇಲ್ಲ, ಮಗ್ದಾ."

ನವೆಂಬರ್ ಸತ್ತವರ ತಿಂಗಳಲ್ಲವಾ. ಪ್ರೊಟೆಸ್ಟೆಂಟ್ ಎಂದು ಗೊತ್ತಿದ್ದೂ ಮೊನ್ನೆ ಶುಕ್ರವಾರ ಇಗರ್ಜಿಯಲ್ಲಿ ಸತ್ತವರಿಗಾಗಿ ಇಟ್ಟ ಪೂಜೆಗೆ ಹಾರ್ವುಡ್ ಸಾಹೇಬರ ಹೆಸರು ಕೊಟ್ಟೆ. ಪಾದ್ರಿಗಳು ನಮ್ಮ ಅಪ್ಪ ಅಮ್ಮನ ಹೆಸರಿನ ನಡುವೆ ಹಾರ್ವುಡ್ ಎಂದು ಓದಿದರು. ಹೊರಗೆ ಕ್ವಾಯರಿನಲ್ಲಿ ಹಾಡುವ ಲಿಯೊನೆಲ್ ನನ್ನನ್ನು ಹಿಡಿದು ನಿಲ್ಲಿಸಿದ.

"ಮಗ್ದಾ ಬಾಯಿ, ಈ ಹಾರ್ವುಡ್ ಯಾರು ಮಾರಾಯ್ರೆ? ನಿಮ್ಮ ಊರು ಶಿರ್ವದವರಾ?"

"ಅಲ್ಲ ಮಾರಾಯಾ, ಅಮೆರಿಕದ ಎಂ.ಪಿ. ಸತ್ತು ನೂರು ವರ್ಷದ ಮೇಲಾಯ್ತು."

"ಇನ್ನೂ ಸ್ವರ್ಗದಲ್ಲಿ ಸೀಟು ಆಗ್ಲಿಲ್ವಾ ಪಾಪ? ಸೀಟು ಆದ್ಮೇಲೆ ನಮಗೂ ಒಂದು ಶಿಫಾರಸು ಮಾಡ್ಲಿಕ್ಕೆ ಹೇಳಿ."

ನಕ್ಕೆ. ಆ ವಾರ ಮೇಡಂ ಬಿಟ್ಟು ಇನ್ನೊಬ್ಬರ ಸಂಗಡ ಮಾತಾಡಿದ್ದು ಅಷ್ಟೇ.

ಮದುವೆಯ ಮುಂಚಿನ ದಿನ ರೋಸ್ ಶಾಸ್ತ್ರಕ್ಕೆ ಕೂರಿಸಿದಾಗ, ಮದುಮಗಳ ತಲೆಗೆ ಮೊದಲ ತೆಂಗಿನಹಾಲು ತಾಯಿ ಹಾಕುವುದು ನಮ್ಮ ಮನೆಯ ಕ್ರಮ. ಅದನ್ನು ನೀನು ಹಾಕು. ಅವಳ ಅಪ್ಪ ತೀರಿದಾಗ ನಾಲ್ಕು ವರ್ಷದವಳನ್ನು ನಿನ್ನ ಕೈಗೆ ಕೊಟ್ಟು ಬಂದವಳು ನಾನು. ಇಪ್ಪತ್ತು ವರ್ಷ ಮೀಯಿಸಿ, ತಲೆ ಬಾಚಿ, ಜ್ವರಕ್ಕೆ ಎದ್ದು ಕೂತವಳು ನೀನು. ನನ್ನ ಪರವಾಗಿ ಅವಳ ಹಣೆಗೆ ಶಿಲುಬೆಯ ಗುರುತು ಹಾಕು. ದೇವರು ನಿಮ್ಮ ಮನೆಯನ್ನು ಕಾಯಲಿ.

ನಿನ್ನ ಅಕ್ಕ
ಮಗ್ದಲೀನ್

ತಾ.ಕ.: ಅಂಟಿಸಿದ ಕಾಗದವನ್ನು ಮತ್ತೆ ಬಿಚ್ಚಿದೆ. ನಿನಗೆ ಸುಳ್ಳು ಬರೆದು ಪರಮಪ್ರಸಾದಕ್ಕೆ ಹೋಗಲಾರೆ. ರಜೆ ಸಿಕ್ಕಿದೆ. ಟಿಕೆಟ್ ತೆಗೆದುಕೊಡುತ್ತೇನೆಂದು ಮೇಡಂ ಹೇಳಿದಾಗ ನಾನೇ ಬೇಡವೆಂದೆ. ಹತ್ತು ದಿನದ ಹಿಂದೆ ಆಶ್ಲೆ ಫೋನಿನಲ್ಲಿ, "ಮಮ್ಮಿ, ನೀವು ಬಂದ್ರೆ ರೋಸಿನ ದಿನ ಕ್ರಿಸ್ಟಿನಾ ಮಾವ್ಶಿ ಎಲ್ಲಿ ನಿಲ್ಲುದು?" ಎಂದು ಕೇಳಿದಳು. ಸಿಟ್ಟಿನಿಂದಲ್ಲ, ಕ್ರಿಸ್ಟಿನಾ. ಅವಳಿಗೆ ನಿಜವಾಗಿ ಗೊತ್ತಿರಲಿಲ್ಲ. ನನಗೂ ಗೊತ್ತಾಗದೆ, ಸಿಗ್ನಲ್ ಇಲ್ಲವೆಂದು ಹೇಳಿ ಫೋನ್ ಇಟ್ಟೆ. ಅವಳ ಮುಂದೆ ಮಾತ್ರ ರಜೆ ಸಿಗಲಿಲ್ಲವೆಂದೇ ಹೇಳು. ಆ ಸುಳ್ಳನ್ನು ಪಾದ್ರಿಗಳ ಹತ್ತಿರ ನಾನೇ ಒಪ್ಪಿಕೊಳ್ಳುತ್ತೇನೆ.