ಬಾಣಗಳೆಲ್ಲ ಗಾದಿಲಿಂಗನ ಕಡೆಗೆ

ಸಂಡೂರು, ಸೋಮವಾರ

ಅಕ್ಕಾ,

ಗಣಿಯ ಕೆಂಪು ಧೂಳಿಗೆ ಕೆಮ್ಮು ಹತ್ತಿದೆ, ಉಳಿದಂತೆ ಆರಾಮ. ನಮ್ಮ ಕಂಪನಿಯನ್ನು ‘ಕಲಿಯುವ ಸಂಸ್ಥೆ’ ಮಾಡಲು ಮೊನ್ನೆ ಒಬ್ಬರು ತರಬೇತಿ ಕೊಡಲು ಬಂದಿದ್ದರು. ಅದಿರು ಸಾಗಿಸುವ ಬೆಲ್ಟ್ ಪದೇ ಪದೇ ನಿಲ್ಲುವುದು ಒಬ್ಬರ ತಪ್ಪಲ್ಲ, ಇಡೀ ವ್ಯವಸ್ಥೆಯದು, ಹಾಳೆಯ ಮೇಲೆ ಬಾಣದ ಗುರುತು ಎಳೆದು ಕಾರಣ ಹುಡುಕಿ ಎಂದರು. ಗೋಡೆ ತುಂಬ ಎಳೆದೆವು. ಎಲ್ಲ ಬಾಣಗಳೂ ನಮ್ಮ ಜೊತೆ ಕೆಲಸ ಮಾಡುವ ಗಾದಿಲಿಂಗನ ಹೆಸರಿಗೇ ಬಂದು ನಿಂತವು. ಪಾಪ, ಅವನು ಹೆಂಡತಿಯ ಸೀಮಂತಕ್ಕೆಂದು ರಜೆಯಲ್ಲಿದ್ದ.

"ಇಲ್ಲದವನ ಹೆಸರು ಬರದ್ರ ಯಾರಿಗೂ ಬ್ಯಾಸರಿಲ್ಲ ನೋಡ್ರಿ," ಎಂದರು ಫೋರ್‌ಮನ್ ಜಂಬುನಾಥ್. ತರಬೇತಿ ಯಶಸ್ವಿಯಾಯಿತೆಂದು ಎಲ್ಲರನ್ನೂ ನಿಲ್ಲಿಸಿ ಫೋಟೊ ತೆಗೆದರು.

ನಾನೂ ಕಲಿತೆ. ನಿನ್ನ ಮಗಳನ್ನು ತೊಟ್ಟಿಲಿಗೆ ಹಾಕುವ ದಿನ ನನ್ನನ್ನು ಕಾಯಬೇಡ. ಅವತ್ತೇ ಎರಡನೇ ತರಬೇತಿ ಇದೆ.

ನಿನ್ನ ತಂಗಿ
ಅನ್ನಪೂರ್ಣ