ಅಂಬಣ್ಣನ ಹಟ್ಟಿಗೆ ಕತ್ತರಿಗಳು ಬಂದ ದಿನ

ನಿಲಂಗಾ
೧೬ ಫೆಬ್ರುವರಿ ೨೦೨೫

ಪ್ರೀತಿಯ ಕನಕರಾಜನಿಗೆ ನಿನ್ನ ಗುರುಲಿಂಗಪ್ಪ ಮಾಸ್ತರನ ತುಂಬುಮನದ ಆಶೀರ್ವಾದಗಳು.

ಐರ್ಲೆಂಡಿನಿಂದ ನೀನು ಬರೆದ ಪತ್ರ ಕೈಸೇರಿತು. ಅಲ್ಲಿ ಕುರಿಗಳ ಬೆನ್ನಿಗೆ ನೀಲಿ ಬಣ್ಣ ಬಳಿಯುತ್ತಾರೆಂದು ಓದಿ ನಕ್ಕೆ. ಮುಂದಿನ ಸಾಲಿಗೆ ನಗು ನಿಂತಿತು. "ನಾ ರೊಕ್ಕದ ಆಸೆಗಿ ಬಂದಂವ ಅಲ್ಲ ಅಂತ ಬೀರಪ್ಪನ ಗುಡಿಯಾಗ ಎಲ್ಲಾರ ಮುಂದ ಓದಿ ಹೇಳ್ರಿ ಸರ" ಎಂದು ಕೇಳಿದ್ದೀಯೆ.

ನ್ಯಾಯವಾದ ಕೋರಿಕೆ. ಊರ ಕುರಿಗಳೆಲ್ಲ ಮೇಯುವ ಗಾಯರಾನಕ್ಕೆ ಮುಖಂಡರು ತಂತಿ ಬೇಲಿ ಹಾಕಿಸಿದಾಗ, ಗ್ರಾಮಸಭೆಯಲ್ಲಿ ಎದ್ದು ಪ್ರಶ್ನಿಸಿದವನು ನೀನೊಬ್ಬನೇ. ಅದಕ್ಕಾಗಿ ಅವರ ಕಡೆಯವರು ಹೊಲದ ದಾರಿಯಲ್ಲಿ ನಿನ್ನ ಕೈ ಮುರಿದರು. ಓದಿನ ವೀಸಾ ದೊರೆತ ಕೂಡಲೇ ಹೊರಡೆಂದು ಹೇಳಿದವನು ನಾನು.

ಆದುದರಿಂದ ನಿನ್ನ ಪತ್ರವನ್ನು ಜೇಬಿನಲ್ಲಿಟ್ಟುಕೊಂಡು ಊರಿಗೆ ಹೋದೆ.

ಅದು ಉಣ್ಣೆ ಕತ್ತರಿಸುವ ಕಾಲ. ಒಬ್ಬರ ಹಟ್ಟಿಗೆ ಉಳಿದವರೆಲ್ಲ ಕತ್ತರಿ ಹಿಡಿದು ಬರುವ ನಿಮ್ಮವರ ಪದ್ಧತಿಯನ್ನು ನಿನಗೆ ಹೇಳಬೇಕಾಗಿಲ್ಲ. ಹಿಂದಿನ ದಿನ ನಿಮ್ಮ ಸರದಿಯಿತ್ತು. ನಿನ್ನ ತಂದೆ ಅಂಬಣ್ಣನವರು ಕುರಿಗಳನ್ನು ಹಳ್ಳದಲ್ಲಿ ತೊಳೆದು ತಂದಿದ್ದರು. ತಾಯಿ ಅಂಜನಾಬಾಯಿಯವರು ಬಂದವರಿಗೆಲ್ಲ ಸಾಲುವಷ್ಟು ಅಡುಗೆ ಮಾಡಿದ್ದರು. ಯಾರೂ ಬರಲಿಲ್ಲ. ಮುಖಂಡರ ವೈರಿಯ ಹಟ್ಟಿಗೆ ಕಾಲಿಡಲು ಎಲ್ಲರಿಗೂ ಅಂಜಿಕೆ.

ಸಂಜೆ ನಿನ್ನ ತಂದೆ ಗುಡಿಯ ಕಟ್ಟೆಯ ಮೇಲೆ ನಿಂತು, "ನನ್ನ ಮಗ ಯಾರ ಜೋಡಿನೂ ಜಗಳಾಡಿ ಹೋಗಿಲ್ಲರಪ್ಪಾ. ರೊಕ್ಕದ ಹುಚ್ಚು ಹಿಡೀತು, ಹೋದ" ಎಂದರಂತೆ.

ಮರುದಿನ ನಾನು ತಲುಪಿದಾಗ ಹಟ್ಟಿ ತುಂಬ ಜನ. ಕುರಿಯ ಕಾಲು ಕಟ್ಟುತ್ತಿದ್ದ ಖಂಡೆಪ್ಪ, "ಮಗ ಪರದೇಶದಾಗ ಸಾಹೇಬ ಆಗ್ಯಾನ, ಕುರಿ ಕತ್ತರಸ್ಲಾಕ ಒಂದು ಮಶೀನರ ಕಳಸಬಾರದೇನೋ ಅಂಬಣ್ಣಾ? ಇನ್ನೂ ನಾವೇ ಕೈ ನೋಯಿಸ್ಕೋಬೇಕು" ಎಂದ. ಎಲ್ಲರೂ ನಕ್ಕರು. ನಿನ್ನ ತಂದೆಯೂ ನಕ್ಕರು, ಉಳಿದವರಿಗಿಂತ ಜೋರಾಗಿ.

ನನ್ನ ಕೈ ಜೇಬಿಗೆ ಹೋಯಿತು. ನಿನ್ನ ತಾಯಿ ಅದನ್ನು ಕಂಡರು. "ಸರ, ಕೈ ತೊಳಕೊಳ್ರಿ. ಊಟಕ್ಕ ಕೂಡ್ರಿ" ಎಂದರು. ತೊಳೆದೆ, ಕುಳಿತೆ, ಉಂಡೆ. ಪತ್ರ ಜೇಬಿನಲ್ಲೇ ಹಿಂದಿರುಗಿತು.

ಕನಕರಾಜ, ಎದ್ದು ನಿಂತು ಮಾತನಾಡೆಂದು ನಿನಗೆ ಕಲಿಸಿದವನೇ ಇದನ್ನು ಬರೆಯುತ್ತಿದ್ದೇನೆ. ನಿನ್ನ ಹೆಸರನ್ನು ಉಳಿಸಹೊರಟರೆ ಮುಂದಿನ ಸರದಿಗೆ ಆ ಹಟ್ಟಿಗೆ ಯಾರೂ ಬರುವುದಿಲ್ಲ. ಎಂದಾದರೂ ಆ ಕಟ್ಟೆಯ ಮೇಲೆ ನೀನೇ ನಿಂತು ನಿನ್ನ ಪತ್ರವನ್ನು ಓದುವೆ ಎಂಬ ನಂಬಿಕೆ ನನಗಿನ್ನೂ ಇದೆ. ಅದಕ್ಕಾಗಿಯೇ ಅದನ್ನು ಜೋಪಾನವಾಗಿ ಇಟ್ಟಿದ್ದೇನೆ.

ನಿನ್ನನ್ನು ಎಂದೂ ಆಸೆಬುರುಕನೆಂದು ಎಣಿಸದ,
ಗುರುಲಿಂಗಪ್ಪ

ತಾ.ಕ.: ಇದನ್ನು ಬರೆಯಬಾರದೆಂದುಕೊಂಡಿದ್ದೆ. ನಿನ್ನ ತಂದೆ ಬಸ್ಸಿನವರೆಗೂ ಬಂದು ಒಂದು ಮಾತು ಹೇಳಿ ಕಳಿಸಿದ್ದಾರೆ. ಬರಿಯ ಮಾತನ್ನು ಜನ ಬಹಳ ದಿನ ನಂಬುವುದಿಲ್ಲವಂತೆ. ಯಾವುದಾದರೂ ದೊಡ್ಡ ಕಾರಿಗೆ ಒರಗಿ ನಿಂತು ಒಂದು ಫೋಟೊ ತೆಗೆಸಿ ಕಳಿಸು. ಯಾರ ಕಾರಾದರೂ ಆದೀತು. ಸ್ವಲ್ಪ ನಗುತ್ತ ನಿಲ್ಲು.