ಎರಡು ಸರ್ವರ್, ಒಂದೇ ಯಂತ್ರ

ಸೋದರಮಾವನಿಗೆ,

ಬದುಕಿರುವಾಗ ನಿನ್ನನ್ನು 'ನೀವು' ಎಂದೇ ಕರೆದೆ. ಈ ಪತ್ರದಲ್ಲಿ ಆ ಮರ್ಯಾದೆ ಸಿಗುವುದಿಲ್ಲ. ನೀನು ಹೋಗಿ ಎರಡು ವರ್ಷವಾದರೂ ನನ್ನ ಸಿಟ್ಟು ಇಳಿದಿಲ್ಲವೆಂದು ಅಮ್ಮ ಬೇಸರಪಡುತ್ತಾಳೆ. ಅವಳಿಗೆ ನೀನು ತಮ್ಮ. ನನಗೆ?

ಆದೋನಿಯ ನಿನ್ನ ಮನೆಯ ಮಹಡಿ ಕೋಣೆ ನೆನಪಾಗುತ್ತದೆ. ವಿಮಾ ಕಂಪನಿಯೊಂದರ ಕೆಲಸವನ್ನು ಗುತ್ತಿಗೆ ಹಿಡಿದು, ನನ್ನನ್ನು ಪಕ್ಕ ಕೂರಿಸಿಕೊಂಡು ಕಲಿಸಿದವನು ನೀನೇ. 'ಈ ರೋಗಿಗೆ ಆಪರೇಷನ್ ಮಾಡಬಹುದೇ' ಎಂದು ಆಸ್ಪತ್ರೆಗಳು ಕಳಿಸುವ ಸಂದೇಶಗಳನ್ನು ಸರತಿಯಲ್ಲಿಟ್ಟು, ಒಂದೂ ಕಳೆಯದಂತೆ ಕಂಪನಿಗೆ ಮುಟ್ಟಿಸಿ, ಅದರ ಒಪ್ಪಿಗೆಯನ್ನು ಆಸ್ಪತ್ರೆಗೆ ತಲುಪಿಸುವುದು ನಮ್ಮ ಸಾಫ್ಟ್‌ವೇರ್‌ನ ಕೆಲಸ. ದೂರದ ಮೇನ್‌ಫ್ರೇಮ್ ಎಂಬ ಭಾರಿ ಕಂಪ್ಯೂಟರ್ ಒಂದರೊಳಗೆ ಅದಕ್ಕೆಂದು ಎರಡು ವರ್ಚುವಲ್ ಸರ್ವರ್, ಅಂದರೆ ಸಾಫ್ಟ್‌ವೇರ್‌ನಲ್ಲೇ ಕಟ್ಟಿದ ಎರಡು ಕಂಪ್ಯೂಟರ್, ಮಾಡಿದ್ದೆ ನೀನು. ಒಂದು ನಿಂತರೆ ಇನ್ನೊಂದು ಕೆಲಸ ಎತ್ತಿಕೊಳ್ಳಬೇಕು. ಅದಕ್ಕೇ ಎರಡು.

ನಾನು ಆ ಮಾತು ಎತ್ತಿದಾಗ ನೀನು ಒಗ್ಗಾಣಿ ಮಿರ್ಚಿ ತಿನ್ನುತ್ತಿದ್ದೆ.

"ಮಾವ, ಎರಡೂ ಒಂದೇ ಮೇನ್‌ಫ್ರೇಮ್‌ನ್ಯಾಗ ಅದಾವಲ್ರಿ. ಅದ ನಿಂತ್ರ?"

"ಅದು ನಿಲ್ಲಂಗಿಲ್ಲ. ನೀ ಹುಟ್ಟೂಕಿಂತ ಮುಂಚಿಂದ ನೋಡೀನಿ. ತಿನ್ನು, ಆರತೈತಿ."

ಎರಡನೆಯದನ್ನು ಬೇರೆ ಯಂತ್ರಕ್ಕೆ ಸಾಗಿಸೋಣವೆಂದು ಆಮೇಲೆ ನಿನಗೆ ಬರೆದೂ ಕೊಟ್ಟೆ. ನೀನು ಅದನ್ನು ಮುಚ್ಚಿಟ್ಟೆ. ಕಂಪನಿಗೆ ಹೇಳಿದರೆ ನೀನು ಮಾಡಿದ್ದು ತಪ್ಪೆಂದು ಒಪ್ಪಿದಂತೆ. ಅದು ನಿನ್ನ ಕೈಲಾಗುತ್ತಿತ್ತೇ?

ಒಂದು ಬೆಳಿಗ್ಗೆ, ದುರಸ್ತಿ ನಡೆದಿದ್ದಾಗ, ನಿಲ್ಲದ ಆ ಯಂತ್ರ ನಿಂತಿತು. ಎರಡೂ ಸರ್ವರ್ ಒಟ್ಟಿಗೆ ಹೋದವು. ಸಹಾಯವಾಣಿಯವರು ಕೋಸಗಿ ಊರಿನವನೊಬ್ಬನ ಕರೆಯನ್ನು ನನಗೆ ತಿರುಗಿಸಿದರು. "ನಮ್ಮ ಅಕ್ಕನ್ನ ಆಪರೇಷನ್ ರೂಮಿನಿಂದ ವಾಪಸ್ ಕರ್ಕೊಂಡು ಬಂದಾರ್ರಿ. ಪರ್ಮಿಷನ್ ಮೆಸೇಜ್ ಬಂದಿಲ್ಲಂತ. ಆಕಿ ಹೊಟ್ಟಿ ಹಿಡ್ಕೊಂಡು ಒದ್ದಾಡಾಕತ್ಯಾಳ. ಇನ್ನ ಎಷ್ಟೊತ್ತು ಮೇಡಂ?" ಸಂಜೆಯೊಳಗೆ ಆಕೆಯ ಅಪೆಂಡಿಕ್ಸ್ ಒಡೆಯಿತು. ಜೀವ ಉಳಿಯಿತು. ಆದರೆ ಎದ್ದು ಓಡಾಡಲು ತಿಂಗಳುಗಳೇ ಬೇಕಾದವು.

ಕಂಪನಿಯ ವಿಚಾರಣೆ ಬಂದಾಗ ನೀನು ನನ್ನ ಬಗ್ಗೆ ಬರೆದದ್ದು ನನಗೆ ಬಾಯಿಪಾಠ. 'ಕಿರಿಯ ಸಿಬ್ಬಂದಿ ಸಕಾಲಕ್ಕೆ ಎರಡನೇ ಸರ್ವರ್ ಚಾಲೂ ಮಾಡಲಿಲ್ಲ.' ಚಾಲೂ ಮಾಡಲು ಅದು ಉಳಿದಿತ್ತೇ, ಮಾವ? ನನ್ನನ್ನು ಕೆಲಸದಿಂದ ತೆಗೆದರು. ಊಟದ ಹೊತ್ತಿಗೆ ನಾನು ನಿನ್ನ ಮನೆಗೆ ಬಂದು ಜಗಳವಾಡಿದೆ. "ಮನಿ ಮಂದಿ ನೀನು, ತಡ್ಕೊಂತಿ. ನನ್ನ ಹೆಸರು ಹೋದ್ರ ಹೆಂಗ?" ಎಂದ ನೀನು ಅತ್ತೆಗೆ ಮಜ್ಜಿಗೆ ಬಡಿಸಲು ಹೇಳಿದೆ. ನೀನು ಸತ್ತಾಗ ಮಣ್ಣಿಗೆ ಬಂದಿದ್ದೆ. ಅಳು ಬರಲಿಲ್ಲ.

ಇನ್ನು ನಿನಗೆ ಗೊತ್ತಿಲ್ಲದ ಸುದ್ದಿ. ನೀನು ಹೋದ ಮೇಲೆ ಆ ಕೆಲಸ ಬಲ್ಲವರು ಬೇರೆ ಯಾರೂ ಇರಲಿಲ್ಲ. ಕಂಪನಿ ನನ್ನನ್ನೇ ಮತ್ತೆ ಕರೆಯಿತು. ಮೂರು ಬೇರೆ ಬೇರೆ ಮೇನ್‌ಫ್ರೇಮ್‌ಗಳಲ್ಲಿ ಒಂದೊಂದು ಸರ್ವರ್ ಹಾಕಿಸಿದೆ. ಕನಿಷ್ಠ ಎರಡು ಕಡೆ ದಾಖಲಾಗದೆ ಯಾವ ಸಂದೇಶವೂ 'ತಲುಪಿತು' ಎನಿಸಿಕೊಳ್ಳುವುದಿಲ್ಲ. ಕಳೆದ ಮಂಗಳವಾರ ಮಧ್ಯಾಹ್ನ, ಎಲ್ಲರೂ ನೋಡುತ್ತಿರುವಾಗ, ಒಂದು ಯಂತ್ರವನ್ನು ಬೇಕೆಂದೇ ನಿಲ್ಲಿಸಿದೆವು. ಸರತಿ ಒಂದು ಕ್ಷಣ ತಡೆದು ಮತ್ತೆ ಸಾಗಿತು. ಒಂದು ಸಂದೇಶವೂ ಕಳೆಯಲಿಲ್ಲ.

ವರದಿಯಲ್ಲಿ ಹಿಂದಿನ ಅನಾಹುತದ ಕಾರಣವನ್ನೂ ಬರೆಯಬೇಕಿತ್ತು. ನಿನ್ನ ಹೆಸರು ಹಾಕಿಯೇ ಬರೆದೆ. ಕಳಿಸುವ ಮುಂಚೆ ಅತ್ತೆಗೆ ಓದಿ ಹೇಳಿದೆ; ಬೇಡವೆನ್ನುತ್ತಾಳೆಂದು ಎಣಿಸಿದ್ದೆ. ಆಕೆ ಬಟ್ಟೆ ಮಡಚುವುದನ್ನು ನಿಲ್ಲಿಸಲಿಲ್ಲ.

"ಸರೇಲೆ, ಕಳ್ಸು. ಮದಿವಿ ಆದಾಗಿಂದ ಅವ್ರ ತಪ್ಪೆಲ್ಲ ನನ್ನ ಮ್ಯಾಲ ಹಾಕ್ಕೊಂತ ಬಂದ್ರು. ಒಂದು ತಪ್ಪಾರ ಅವ್ರ ಹೆಸರಿಗಿರಲಿ."

ಕಳಿಸಿದ್ದೇನೆ.

ನಿನ್ನ ಅಕ್ಕನ ಮಗಳು